ಎಡಗಡೆಯ ಕನ್ನಡಿ

ಪುಟಾಣಿ ರೈಲಿನ ಮಾದರಿ ಮಾಡುವ ಸಂಘದವರಿಗೆ ಎಂಜಿನ್ನೆಂದರೆ ಪ್ರಾಣ. ಹೆಂಡತಿ ಮಕ್ಕಳ ಫೋಟೋ ಇಲ್ಲದ ಮನೆಯಿರಬಹುದು, ಎಂಜಿನ್ನಿನ ಫೋಟೋ ಇಲ್ಲದ ಮನೆಯಿರಲಿಲ್ಲ. ಆದರೆ ರೈಲಿನಿಂದ ಇಳಿದ ಸಾಮಾನು ಊರೊಳಕ್ಕೆ ತಾನಾಗಿಯೇ ಹಾರಿಕೊಂಡು ಹೋಗುತ್ತದೆಯೇ? ಅದಕ್ಕೆಂದೇ ಹಿಂದೆ ರೈಲ್ವೆಯವರು ಸ್ವಂತ ಲಾರಿಗಳನ್ನು ಇಟ್ಟುಕೊಂಡಿದ್ದರು. ರೈಲ್ವೆಯದೇ ಬಣ್ಣ, ರೈಲ್ವೆಯದೇ ಮುದ್ರೆ ಹೊತ್ತ ಆ ಲಾರಿಗಳು ಸ್ಟೇಷನ್ನಿನಿಂದ ಅಂಗಡಿ ಬಾಗಿಲಿಗೆ ಪಾರ್ಸೆಲ್ ಮುಟ್ಟಿಸುತ್ತಿದ್ದವು. ಅವುಗಳ ಮಾದರಿ ಮಾಡಲು ಮಾತ್ರ ಯಾರೂ ಮುಂದೆ ಬರಲಿಲ್ಲ. ಕೊನೆಗೆ ಆ ಕೆಲಸ ಹಲ್ಲಕ್ಕನ ಪಾಲಿಗೆ ಬಂತು.

ಹಲ್ಲಕ್ಕ ಎಂಬುದು ಸಂಘದವರು ಇಟ್ಟ ಹೆಸರು. ಆಕೆ ಹಲ್ಲಿನ ಸೆಟ್ಟು ಮಾಡುವವಳು. ಡಾಕ್ಟರು ಅಚ್ಚು ಕಳಿಸಿದರೆ ಅದರ ಮೇಲೆ ಮೇಣ ಕೂರಿಸಿ, ಕೆತ್ತಿ, ಉಜ್ಜಿ, ಕಂಡವರ ಬಾಯಿಗೆ ನಗು ತುಂಬಿ ಕಳಿಸುವುದು ಅವಳ ಹೊಟ್ಟೆಪಾಡು. ತಾನು ಮಾತ್ರ ನಗುವುದರಲ್ಲಿ ಬಲು ಜಿಪುಣಿ. ಲಾರಿಗಳನ್ನೇ ಯಾಕೆ ಆರಿಸಿಕೊಂಡೆ ಎಂದು ಯಾರಾದರೂ ಕೇಳಿದರೆ, "ಬೇರೆ ಯಾರೂ ಮಾಡಲಿಲ್ಲವಲ್ಲ" ಎಂದು ಬಾಯಿ ಮುಚ್ಚಿಸುತ್ತಿದ್ದಳು. ಅವಳ ಗಂಡ ಅಂಥದೇ ಲಾರಿಯ ಡ್ರೈವರಾಗಿದ್ದ. ಅವಳ ತಮ್ಮ ಸತ್ತದ್ದೂ ಅದೇ ಲಾರಿಯಿಂದ. ಇದನ್ನು ಅವಳು ಸಂಘದಲ್ಲಿ ಹೇಳಿರಲಿಲ್ಲ.

ತಮ್ಮನನ್ನು ಲಾರಿಗೆ ಕ್ಲೀನರಾಗಿ ಸೇರಿಸಿದ್ದು ಅವಳ ಗಂಡನೇ. ಒಂದು ಮಧ್ಯಾಹ್ನ ಗೂಡ್ಸ್ ಶೆಡ್ಡಿನಲ್ಲಿ ಅವನು ಲಾರಿಯನ್ನು ಹಿಂದಕ್ಕೆ ತೆಗೆಯುತ್ತಿದ್ದಾಗ, ಎಡಗಡೆಯ ಫುಟ್‌ಬೋರ್ಡಿನ ಮೇಲಿದ್ದ ಹುಡುಗ ಲಾರಿಗೂ ಕಂಬಕ್ಕೂ ನಡುವೆ ಸಿಕ್ಕಿಕೊಂಡ. ವಿಚಾರಣೆಯಲ್ಲಿ ಗಂಡ ಹೇಳಿದ್ದು ಇಷ್ಟೇ: ಎಡಗಡೆ ಕನ್ನಡಿ ಇತ್ತು, ಹಿಂದೆ ನೋಡಲು ಯಾರೂ ಬೇಕಿರಲಿಲ್ಲ, ಬೇಡ ಬೇಡವೆಂದರೂ ಹುಡುಗ ಚೇಷ್ಟೆಗೆ ನೇತಾಡಿದ. ಅದನ್ನು ನಂಬಲು ಯಾರಿಗೂ ಕಷ್ಟವಾಗಲಿಲ್ಲ. ಮನೆಯಲ್ಲಿ ಅವನಿಗೆ ಮೊದಲಿನಿಂದಲೂ ಕೋತಿ ಎಂದೇ ಹೆಸರು. "ಕೋತಿಯಾಗಿ ಹುಟ್ಟಿದ, ಕೋತಿಯಾಗಿ ಹೋದ" ಎಂದು ಅಪ್ಪ ಹೆಣದ ಮುಂದೆಯೇ ಹೇಳಿಬಿಟ್ಟ. ಅಮ್ಮ ಆಮೇಲೆ ಮಗನ ಮಾತೇ ಎತ್ತಲಿಲ್ಲ. ಇಬ್ಬರೂ ಹಾಗೆಯೇ ತೀರಿಕೊಂಡರು.

ಹಲ್ಲಕ್ಕನಿಗಂತೂ ಅಳು ಬರಲಿಲ್ಲ. ಮೊದಲು ತಮ್ಮನ ಮೇಲೆ ಕೆಂಡದಂಥ ಸಿಟ್ಟಿತ್ತು. ಬರುಬರುತ್ತ ಆ ಸಿಟ್ಟೂ ಆರಿಹೋಯಿತು, ಅದರ ಜಾಗಕ್ಕೆ ಬೇರೇನೂ ಬರಲಿಲ್ಲ. ಹಲ್ಲು ಕೀಳುವ ಮೊದಲು ಸೂಜಿ ಚುಚ್ಚಿಸಿಕೊಂಡ ದವಡೆಯ ಹಾಗೆ ಒಳಗೆಲ್ಲ ಮರಗಟ್ಟಿಹೋಗಿತ್ತು. ಊಟ, ನಿದ್ದೆ, ಕೆಲಸ ಎಲ್ಲ ಸರಿಯಾಗಿ ನಡೆಯುತ್ತಿದ್ದುದರಿಂದ ಯಾರಿಗೂ ಗೊತ್ತಾಗಲಿಲ್ಲ.

ಸಂಘದವರು ಪ್ರದರ್ಶನಕ್ಕೆ ಕಟ್ಟುತ್ತಿದ್ದ ಪುಟಾಣಿ ಸ್ಟೇಷನ್ನಿಗೆ ಹಳೆಯದೊಂದು ವರ್ಷ ಗೊತ್ತುಮಾಡಿದ್ದರು. ಆ ವರ್ಷದಲ್ಲಿ ಇಲ್ಲದ ಒಂದು ಗುಂಡುಸೂಜಿಯೂ ಅಲ್ಲಿರಕೂಡದು. ಸಂಘದ ಕಾರ್ಯದರ್ಶಿ ನಿವೃತ್ತ ಟಿಕೆಟ್ ಕಲೆಕ್ಟರು. ಕಾಲಕ್ಕೆ ಹೊಂದದ ದೀಪದ ಕಂಬ ಕಂಡರೂ ಟಿಕೆಟ್ಟಿಲ್ಲದ ಪ್ರಯಾಣಿಕ ಸಿಕ್ಕಿಬಿದ್ದಂತೆ ಕಣ್ಣರಳಿಸುತ್ತಿದ್ದರು. ಗೊತ್ತುಮಾಡಿದ್ದು ತಮ್ಮ ಸತ್ತ ವರ್ಷವನ್ನೇ. ಅದು ಕಾಕತಾಳೀಯ. ಹಲ್ಲಕ್ಕ ಎಲ್ಲರಂತೆ ಅದನ್ನು ಚೀಟಿಯಲ್ಲಿ ಬರೆದುಕೊಂಡಳು.

ಲಾರಿ ಹೆಬ್ಬೆರಳಿಗಿಂತ ತುಸು ಉದ್ದ. ಮೇಣದ ಚಾಕುವಿನಲ್ಲಿ ಕೆತ್ತಿ, ಹಲ್ಲಿನ ಸೆಟ್ಟಿಗೆ ಬಳಸುವ ಪುಡಿಯನ್ನೇ ಕಲಸಿ ಎರಕ ಹೊಯ್ದು, ಇಟ್ಟಿಗೆ ಬಣ್ಣ ಬಳಿದಳು. ಸಂದೇಹ ಬಂದಾಗಲೆಲ್ಲ ಗಂಡನನ್ನು ಕೇಳುತ್ತಿದ್ದಳು. ಅವನಿಗೂ ಆ ಪ್ರಶ್ನೆಗಳೆಂದರೆ ಇಷ್ಟ. ಹಗ್ಗದ ಕೊಕ್ಕೆ ಎಲ್ಲೆಲ್ಲಿದ್ದವು, ಹಿಂಬಾಗಿಲ ಸರಪಣಿ ಎಷ್ಟು ಜೋತುಬೀಳುತ್ತಿತ್ತು, ಬಾನೆಟ್ಟಿಗೆ ತಂತಿ ಹೇಗೆ ಸುತ್ತಿದ್ದ, ಎಲ್ಲವನ್ನೂ ಕೈಯಾಡಿಸಿ ವಿವರಿಸುತ್ತಿದ್ದ.

"ಎಡಗಡೆ ಕನ್ನಡಿ ಇತ್ತಾ?" ಎಂದು ಕೇಳಿದಾಗ ಮಾತ್ರ, "ಇತ್ತು" ಎಂದು ಎದ್ದು ಹೋದ.

ಅವಳು ತವರದ ಹಾಳೆಯಿಂದ ಎಳ್ಳಿಗಿಂತ ಚಿಕ್ಕ ಕನ್ನಡಿ ಕತ್ತರಿಸಿ ಅಂಟಿಸಿದಳು.

ಪ್ರದರ್ಶನಕ್ಕೆ ಮುಂಚೆ ತಪ್ಪು ಹುಡುಕಲೆಂದು ಕಾರ್ಯದರ್ಶಿ ಒಬ್ಬ ಮೇಸ್ತ್ರಿಯನ್ನು ಕರೆಸಿದ್ದರು. ರೈಲ್ವೆ ಲಾರಿಗಳ ರಿಪೇರಿ ಶೆಡ್ಡಿನಲ್ಲಿ ಆಯಸ್ಸು ಕಳೆದ ಮುದುಕ. ಹಲ್ಲಕ್ಕ ಯಾರ ಹೆಂಡತಿ, ಯಾರ ಅಕ್ಕ ಎಂಬುದು ಅವನಿಗೆ ಗೊತ್ತಿರಲಿಲ್ಲ. ಲಾರಿಯನ್ನು ಅಂಗೈ ಮೇಲಿಟ್ಟುಕೊಂಡು ಆಚೆ ಈಚೆ ತಿರುಗಿಸಿದ.

"ಭೇಷ್! ಸರಪಣಿ ಕೂಡ ಬಿಟ್ಟಿಲ್ಲವಲ್ಲಮ್ಮ. ಆದ್ರೆ ಈ ಎಡಗಡೆ ಕನ್ನಡಿ ಕಿತ್ತುಹಾಕು. ಆ ವರ್ಷ ಇರ್ಲಿಲ್ಲ."

"ಇತ್ತಂತೆ" ಎಂದಳು ಹಲ್ಲಕ್ಕ.

"ಯಾರು ಹೇಳಿದ್ದು? ಎಲ್ಲ ಲಾರಿಗೂ ತೂತು ಕೊರೆದು ಕನ್ನಡಿ ಕೂರಿಸಿದವನು ನಾನು. ಅದೂ ಆ ಕ್ಲೀನರ್ ಹುಡುಗ ಸತ್ತ ಮೇಲೆ, ಮರುವರ್ಷ. ಅಲ್ಲೀವರೆಗೂ ಕ್ಲೀನರ್‌ಗಳೇ ಕನ್ನಡಿ. ಎಡಗಡೆ ನಿಂತ್ಕೊಂಡು ಹಿಂದೆ ನೋಡಿ ಹೇಳ್ಬೇಕಿತ್ತು. ಪಾಪ, ಚುರುಕಾಗಿದ್ದ ಹುಡುಗ. ಅವನ ತಲೆ ಮೇಲೇ ತಪ್ಪು ಹೊರಿಸಿದ್ರು."

ಕಾರ್ಯದರ್ಶಿ ತಲೆದೂಗಿದರು. ಹಲ್ಲಕ್ಕ ಲಾರಿಯನ್ನು ಹತ್ತಿಯಲ್ಲಿ ಸುತ್ತಿ ಡಬ್ಬಿಗಿಟ್ಟಳು. ಮನೆಗೆ ಬರುವ ದಾರಿಯಲ್ಲಿ ಸಾಬೂನು ತರಬೇಕಿತ್ತು, ಅದನ್ನೂ ಮರೆಯದೆ ತಂದಳು.

ಗಂಡ ಊಟಕ್ಕೆ ಕೂತಿದ್ದ. ಅವಳು ಬಡಿಸುತ್ತಲೇ ಹೇಳಿದಳು. "ಕನ್ನಡಿ ಇರ್ಲಿಲ್ವಂತೆ."

ಅವನ ಕೈಯಲ್ಲಿದ್ದ ತುತ್ತು ತಟ್ಟೆಗೆ ವಾಪಸಾಯಿತು.

"ಇತ್ತು ಅಂತ ಹೇಳು ಅಂದ್ರು ಸಾಹೇಬ್ರು" ಎಂದ. "ಇಲ್ಲ ಅಂದ್ರೆ ಇಲಾಖೆ ತಲೆಗೆ ಬರುತ್ತೆ, ಮೊದಲು ನಿನ್ನ ನೌಕರಿ ಹೋಗುತ್ತೆ ಅಂದ್ರು. ನೀನಾಗ ತುಂಬು ಬಸುರಿ. ಹೇಳಿಬಿಟ್ಟೆ."

"ಅವನು ಚೇಷ್ಟೆ ಮಾಡ್ತಿದ್ನಾ?"

"ಇಲ್ಲ. ನಾನೇ ಅವನನ್ನ ಅಲ್ಲಿ ನಿಲ್ಲಿಸ್ತಿದ್ದದ್ದು. ಅವನು ಬಾಗಿಲು ಬಡಿದ್ರೆ ನಾನು ಬ್ರೇಕ್ ಹಾಕ್ಬೇಕು." ಗಂಡ ತಟ್ಟೆಯನ್ನೇ ನೋಡುತ್ತಿದ್ದ. "ಅವತ್ತೂ ಬಡಿದ. ಹಳೇ ಬಾಗಿಲು, ಅದೇ ಗಡಗಡ ಅಂತಿದೆ ಅಂದ್ಕೊಂಡೆ."

ತಟ್ಟೆ ಎತ್ತಿ ಎಸೆಯಬೇಕಿತ್ತು. ಕೂಗಾಡಿ ಅಕ್ಕಪಕ್ಕದವರನ್ನು ಸೇರಿಸಬೇಕಿತ್ತು. ಎಲ್ಲಾದರೂ ಒಂದಿಷ್ಟು ಸಿಟ್ಟು ಉಳಿದಿದೆಯೇ ಎಂದು ಅವಳು ತನ್ನೊಳಗೆ ತಡಕಾಡಿದಳು. ಇದ್ದದ್ದನ್ನೆಲ್ಲ ತಮ್ಮನ ಮೇಲೆ ಖರ್ಚು ಮಾಡಿ ಮುಗಿಸಿದ್ದಳು.

"ಅಪ್ಪನಿಗೆ ಹೇಳಬಹುದಿತ್ತು" ಎಂದಳು.

"ಹ್ಞೂಂ."

"ಸಾಯೋ ಮುಂಚೆ."

"ಹ್ಞೂಂ."

ಪಾತ್ರೆ ತೊಳೆದಿಟ್ಟು ಮಲಗಿದಳು. ನಿದ್ದೆಯೂ ಬಂತು. ಅದೊಂದೇ ಅವಳಿಗೆ ನಾಚಿಕೆ ಎನಿಸಿದ್ದು.

ಬೆಳಿಗ್ಗೆ ಚಿಮಟದಿಂದ ಕನ್ನಡಿ ಕಿತ್ತಳು. ಅಂಟಿನ ಗುರುತಿನ ಮೇಲೆ ಮೇಣ ಸವರಿ ಬಣ್ಣ ಬಳಿದಳು. ಆಮೇಲೆ ಯಾರೂ ಹೇಳದಿದ್ದ ಕೆಲಸವೊಂದನ್ನು ಮಾಡಿದಳು. ಸೆಟ್ಟಿನ ವಸಡಿಗೆ ಬಳಸುವ ಗುಲಾಬಿ ಪುಡಿ ಕಲಸಿ ಒಬ್ಬ ಪುಟ್ಟ ಮನುಷ್ಯನನ್ನು ಮಾಡಿ ಎಡಗಡೆಯ ಫುಟ್‌ಬೋರ್ಡಿನ ಮೇಲೆ ನಿಲ್ಲಿಸಿದಳು. ಒಂದು ಕೈ ಕಿಟಕಿಯ ಚೌಕಟ್ಟಿನ ಮೇಲೆ, ಕುತ್ತಿಗೆ ಹಿಂದಕ್ಕೆ, ಇನ್ನೊಂದು ಕೈ ಬಾಗಿಲು ಬಡಿಯಲು ಎತ್ತಿದ ಹಾಗೆ. ಅಷ್ಟು ಚಿಕ್ಕದರಲ್ಲಿ ಮುಖ ತರಲು ಸಾಧ್ಯವಿರಲಿಲ್ಲ. ಕಿವಿಗಳನ್ನಷ್ಟೇ ಅಗಲ ಮಾಡಿದಳು, ಅವನವು ಹಾಗೇ ಇದ್ದವು.

ಪ್ರದರ್ಶನದ ದಿನ ಕಾರ್ಯದರ್ಶಿ ಬಗ್ಗಿ ನೋಡಿ ಹುಬ್ಬುಗಂಟಿಕ್ಕಿದರು. "ಫುಟ್‌ಬೋರ್ಡಲ್ಲಿ ನಿಲ್ಲೋದು ರೂಲಿಗೆ ವಿರುದ್ಧ ಕಣಮ್ಮ."

"ಎಲ್ರೂ ನಿಲ್ತಿದ್ರು ಬಿಡಿ ಸಾರ್" ಎಂದ ಮೇಸ್ತ್ರಿ. ಅಲ್ಲಿಗೆ ಆ ಮಾತು ಮುಗಿಯಿತು.

ಪ್ರತಿವರ್ಷದಂತೆ ಗಂಡನೇ ಡಬ್ಬಿಗಳನ್ನು ಹೊತ್ತು ತಂದಿದ್ದ. ಕನ್ನಡಿ ಕಿತ್ತ ಮೇಲೆ ಲಾರಿಯನ್ನು ಅವನಿನ್ನೂ ನೋಡಿರಲಿಲ್ಲ. ಹಲ್ಲಕ್ಕ ಅದನ್ನು ಗೂಡ್ಸ್ ಶೆಡ್ಡಿನ ಬಾಗಿಲಲ್ಲಿ, ಎಡಮಗ್ಗುಲು ಜನರ ಕಡೆಗೆ ಬರುವ ಹಾಗೆ ಇಟ್ಟಳು. ಅವನು ನೋಡಿದ. ಖಾಲಿ ಡಬ್ಬಿಯನ್ನು ಎದೆಗೆ ಅವಚಿಕೊಂಡು ನಿಂತಲ್ಲೇ ನಿಂತ.

ಜನ ಬರತೊಡಗಿದರು. ಪುಟ್ಟ ರೈಲು ಸುತ್ತು ಹಾಕಿತು. ಕನ್ನಡಕದ ಹೆಂಗಸೊಬ್ಬಳು ಶೆಡ್ಡಿನ ಹತ್ತಿರ ಬಗ್ಗಿ ಕಿಸಕ್ಕನೆ ನಕ್ಕಳು.

"ಅಯ್ಯೋ, ಇವನ್ಯಾರು ನೋಡಿ, ಕೋತಿ ಹಾಗೆ ನೇತಾಡ್ತಿದ್ದಾನೆ!"

ಹಲ್ಲಕ್ಕ ಗಂಡನ ಕಡೆ ನೋಡಿದಳು. ಅವನು ಡಬ್ಬಿಯನ್ನು ಇನ್ನಷ್ಟು ಬಿಗಿಯಾಗಿ ಅವಚಿಕೊಂಡ. ಅವಳು ಕಾದಳು. ರೈಲು ಇನ್ನೊಂದು ಸುತ್ತು ಬಂತು.

"ನೇತಾಡ್ತಿಲ್ಲಮ್ಮ" ಎಂದಳು ಹಲ್ಲಕ್ಕ. "ಲಾರಿಗೆ ಈ ಕಡೆ ಕನ್ನಡಿ ಇಲ್ಲ ನೋಡಿ. ಹಿಂದೆ ನೋಡಿ ಹೇಳೋದು ಅವನ ಕೆಲಸ. ನನ್ನ ತಮ್ಮ."

ಹೆಂಗಸು "ಓ" ಎಂದು ಇನ್ನೊಮ್ಮೆ, ಈಗ ನಗದೆ, ನೋಡಿ ಮುಂದೆ ಹೋದಳು. ಸೂಜಿಯ ಮದ್ದು ಇಳಿಯತೊಡಗಿದ ದವಡೆಯ ಹಾಗೆ ಹಲ್ಲಕ್ಕನೊಳಗೆ ಏನೋ ಚುರುಗುಟ್ಟಿತು. ಅಳುವೋ ಏನೋ ಅವಳಿಗೆ ಗುರುತು ಹತ್ತಲಿಲ್ಲ. ಅವಳು ಗಂಡನ ಕೈಯಿಂದ ಡಬ್ಬಿ ತೆಗೆದುಕೊಂಡಳು.

"ಮುಂದಿನವರು ಕೇಳಿದ್ರೆ ನೀವು ಹೇಳಿ" ಎಂದು ಹೋಗಿ ಹಿಂದಿನ ಸ್ಟೂಲಿನ ಮೇಲೆ ಕೂತಳು. ಮುಂದಿನವರು ಆಗಲೇ ಬಗ್ಗಿ ನೋಡುತ್ತಿದ್ದರು.