ಅಂಚೆಯಲ್ಲಿ ಬಂದ ರಾಣಿ

ಹೊರದೇಶದ ಅಂಚೆ ಬಂದಿಳಿಯುವ ಕಸ್ಟಮ್ಸ್ ಕೋಣೆಯಲ್ಲಿ ಪಾರ್ಸೆಲ್ ಬಿಚ್ಚಿ ನೋಡುವುದು ಆಕೆಯ ಕೆಲಸ. ಅಲ್ಲಿ ಎಲ್ಲರ ಬಾಯಲ್ಲೂ ಆಕೆ ಕತ್ತರಿ ಅಕ್ಕ. ಅಂದು ಎಕ್ಸ್‌ರೇ ಯಂತ್ರದಿಂದ ಈಚೆ ಬಂದ ಅಂಗೈಯಗಲದ ಪೊಟ್ಟಣವೊಂದು ಗುಂಯ್‌ಗುಡುತ್ತಿತ್ತು. ಬಿಚ್ಚಿದರೆ ಒಳಗೆ ಜಾಲರಿಯ ಪುಟ್ಟ ಗೂಡು, ಅದರಲ್ಲೊಂದು ರಾಣಿಜೇನು, ಅದಕ್ಕೆ ಉಣಿಸಲು ನಾಲ್ಕಾರು ಕೆಲಸದ ನೊಣಗಳು.

ಕಾಗದಪತ್ರಗಳು ಸರಿಯಾಗಿಯೇ ಇದ್ದವು. ಆದರೂ ಜೀವವಿರುವುದನ್ನು ಪಶುವೈದ್ಯರು ನೋಡದೆ ಬಿಡುವಂತಿರಲಿಲ್ಲ. ವೈದ್ಯರು ಕೆಲಸದ ನೊಣಗಳನ್ನು ಪರೀಕ್ಷೆಗೆ ಒಯ್ದರು. ಉಣಿಸುವವರಿಲ್ಲದೆ ರಾಣಿ ಬದುಕದು, ಬೇಗ ವಾರಸುದಾರರನ್ನು ಕರೆಸಿ ಎಂದರು.

ಬಂದವಳು ಜೇನು ಸಾಕುವ ಅಜ್ಜಿ. ತನ್ನ ನೊಣಗಳನ್ನೇ ಬೆಂಕಿಪೊಟ್ಟಣದಲ್ಲಿ ಹಿಡಿದು ತಂದು ರಾಣಿಯ ಬಳಿ ಬಿಟ್ಟಳು. ಆಮೇಲೆ ಬೆಂಚಿನ ಮೇಲೆ ಕೂತು, ತನ್ನ ಗೂಡಿನ ರಾಣಿ ಸತ್ತಿದ್ದನ್ನೂ, ದೂರದ ದೇಶದಲ್ಲಿರುವ ತಂಗಿ ಇದನ್ನು ಮುತುವರ್ಜಿಯಿಂದ ಬೆಳೆಸಿ ಕಳಿಸಿದ್ದನ್ನೂ ಹೇಳಿದಳು. ಅಕ್ಕತಂಗಿಯರು ಫೋನಿನಲ್ಲಿ ಕಷ್ಟಸುಖಕ್ಕಿಂತ ಜೇನಿನ ಮಾತೇ ಹೆಚ್ಚು ಆಡುತ್ತಿದ್ದರಂತೆ.

ಮಧ್ಯಾಹ್ನ ವೈದ್ಯರ ಮಾತು ಬಂತು: ಒಂದು ನೊಣದ ಮೈಮೇಲೆ ಈ ದೇಶದಲ್ಲಿ ಇಲ್ಲದ ನುಸಿ ಇದೆ, ರಾಣಿಯನ್ನೂ ಉಳಿಸುವಂತಿಲ್ಲ. ತೊಳೆದು ಕೊಡಲು ಬರುವುದಿಲ್ಲವೇ ಎಂದು ಕತ್ತರಿ ಅಕ್ಕ ಕೇಳಿಯೂ ನೋಡಿದಳು. ಅವರು ಕಡ್ಡಿ ಮುರಿದ ಹಾಗೆ ಆಗದು ಎಂದರು.

ಅಜ್ಜಿಯೆದುರು ನಿಂತು ಕತ್ತರಿ ಅಕ್ಕ ನಿಯಮ, ಇಲಾಖೆ ಎಂದೇನೋ ಶುರು ಮಾಡಿದಳು.

"ಸುತ್ತಿ ಬಳಸಿ ಹೇಳ್ಬೇಡಮ್ಮ, ನುಸಿ ತಾನೇ?" ಎಂದಳು ಅಜ್ಜಿ. "ಇದನ್ನ ಒಯ್ದರೆ ನನ್ನ ಗೂಡೊಂದೇ ಅಲ್ಲ, ಸುತ್ತಮುತ್ತ ಇರೋರ ಗೂಡೆಲ್ಲ ಹಾಳಾಗುತ್ತೆ. ಕೊಡ್ತೀನಿ ಅಂದ್ರೂ ನಂಗೆ ಬೇಡ."

ಒಮ್ಮೆ ಕೈಗೆ ಕೊಡು ಎಂದಷ್ಟೇ ಕೇಳಿದಳು. ಜಾಲರಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ರಾಣಿಯ ಉದ್ದನೆಯ ಮೈಯನ್ನು ಬಹಳ ಹೊತ್ತು ನೋಡಿದಳು. ತಂಗಿ ಚೆನ್ನಾಗಿಯೇ ಸಾಕಿದ್ದಾಳೆ ಎಂದಳು. ಕತ್ತರಿ ಅಕ್ಕ ಗೂಡನ್ನು ಹಾಗೆಯೇ ಚೀಲಕ್ಕೆ ಹಾಕಿ, ಬಾಯಿ ಕಟ್ಟಿ, ರಾಣಿ, ನುಸಿ ಎರಡೂ ಚಳಿಗೆ ಸಾಯಲೆಂದು ಫ್ರೀಜರಿನಲ್ಲಿಟ್ಟಳು.

ಅಷ್ಟರಲ್ಲಿ ಅಜ್ಜಿ ತಂಗಿಗೆ ಫೋನ್ ಹಚ್ಚಿದ್ದಳು.

"ರಾಣಿ ವಿಷಯ ಬಿಡೇ. ಮೊದಲು ನಿನ್ನ ಗೂಡುಗಳನ್ನ ತೆಗೆದು ನೋಡು. ಈಗಲೇ, ನಾಳೆಗೆ ಅಂತ ಇಡ್ಬೇಡ."

ತಂಗಿಯ ಎರಡು ಗೂಡುಗಳಲ್ಲಿ ನುಸಿ ಸಿಕ್ಕಿತು; ಉಳಿದವಕ್ಕೆ ಇನ್ನೂ ಹಬ್ಬಿರಲಿಲ್ಲ. ಕೆಲ ದಿನಗಳ ಮೇಲೆ ಇದನ್ನು ತಿಳಿಸಲು ಅಜ್ಜಿಯೇ ಕಚೇರಿಗೆ ಫೋನ್ ಮಾಡಿದಳು. ನಿನ್ನ ಗೂಡಿನ ಗತಿಯೇನು ಎಂದು ಕತ್ತರಿ ಅಕ್ಕ ಅಳುಕುತ್ತಲೇ ಕೇಳಿದಳು. ಅನಾಥ ನೊಣಗಳನ್ನು ಪಕ್ಕದ ಮನೆಯವರ ಗೂಡಿಗೆ ಸೇರಿಸಿದ್ದಾಗಿತ್ತು. ಮೊದಲ ದಿನ ಜಗಳವಾಡಿದವು, ಈಗ ಒಂದೇ ಮನೆಯವರಂತೆ ದುಡಿಯುತ್ತಿವೆ ಎಂದಳು ಅಜ್ಜಿ.