ಒಂದು ಸಾಲು ಕೆಳಗೆ

ಹದಿನಾಲ್ಕನೇ ಕೋಣೆಯಲ್ಲಿ ಕೂತು ಹದಿನೆಂಟು ವರ್ಷಗಳಿಂದ ಜನರ ಮಾತು ಅಳೆಯುತ್ತಿದ್ದ ಆಕೆಗೆ ಆಸ್ಪತ್ರೆಯಲ್ಲಿ ಒಂದು ಅಡ್ಡಹೆಸರಿತ್ತು: ಹತ್ತು ಸೆಕೆಂಡಮ್ಮ. ಪಾರ್ಶ್ವವಾಯು ಹೊಡೆದು ಮಾತು ಕೆಟ್ಟವರಿಗೆ, ಬೇರೆಯವರು ಆಡಿದ್ದು ಎಷ್ಟು ಅರ್ಥವಾಗುತ್ತದೆ ಎಂದು ಪರೀಕ್ಷೆ ಮಾಡುವುದು ಆಕೆಯ ಕೆಲಸ. ಕೇಳಿದ್ದಕ್ಕೆ ಹತ್ತು ಸೆಕೆಂಡಿನೊಳಗೆ ಉತ್ತರ ಬರಬೇಕು, ಇಲ್ಲದಿದ್ದರೆ ಸೊನ್ನೆ. ಕೈಪಿಡಿಯಲ್ಲಿ ಹಾಗೆ ಬರೆದಿದೆ. ಹನ್ನೊಂದನೇ ಸೆಕೆಂಡನ್ನು ಆಕೆ ಕಟ್ಟಿಕೊಂಡ ಗಂಡನಿಗೂ ಕೊಟ್ಟವಳಲ್ಲ.

ಆ ದಿನ ಬೆಳಿಗ್ಗೆ ಗಾಲಿಕುರ್ಚಿಯಲ್ಲಿ ಬಂದವನು ಒಬ್ಬ ಕ್ಷೌರಿಕ. ಅಂಗಡಿಯಲ್ಲಿ ಕತ್ತರಿಗಿಂತ ಬಾಯಿಯೇ ಹೆಚ್ಚು ಓಡುತ್ತಿದ್ದುದರಿಂದ ಗಿರಾಕಿಗಳು ಅವನನ್ನು ರೇಡಿಯೋ ಎನ್ನುತ್ತಿದ್ದರು. ಮೂರು ವಾರದ ಹಿಂದೆ ಯಾರದೋ ಗಲ್ಲಕ್ಕೆ ನೊರೆ ಹಚ್ಚುತ್ತಿದ್ದಾಗ ಬಲಗೈ ಜೋತುಬಿತ್ತು, ಅರ್ಧ ಹೇಳಿದ್ದ ಜೋಕು ಅರ್ಧಕ್ಕೇ ನಿಂತಿತು. ಅಂದಿನಿಂದ ಅವನ ಬಾಯಲ್ಲಿ ‘ತಾ ತಾ’ ಬಿಟ್ಟರೆ ಇನ್ನೊಂದು ಶಬ್ದವಿಲ್ಲ. ಕುರ್ಚಿ ತಳ್ಳಿಕೊಂಡು ಬಂದವಳು ಅವನ ತಂಗಿ. ಬಟ್ಟೆ ಕಾರ್ಖಾನೆಯಲ್ಲಿ ಅಂಗಿಗಳಿಗೆ ಗುಂಡಿ ಹೊಲಿಯುವವಳು; ಅವನಿಗಿದ್ದ ಒಂದೇ ದಿಕ್ಕು.

“ಸುಮ್ನೆ ತೊಂದ್ರೆ ತಗೋತಿದ್ದೀರ ಮೇಡಂ,” ಎಂದಳು ತಂಗಿ, ಅಣ್ಣನ ತಲೆಯ ಮೇಲಿಂದಲೇ. “ಇವನಿಗೆ ಏನ್ ಹೇಳಿದ್ರೂ ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ನೀರು ಬೇಕಾ ಅಂದ್ರೆ ಪಿಳಿಪಿಳಿ ಅಂತ ಮುಖ ನೋಡ್ತಾನೆ.”

ಮೇಜಿನ ಮೇಲೆ ಶಸ್ತ್ರಚಿಕಿತ್ಸೆಯ ಡಾಕ್ಟರ ಚೀಟಿ ಇತ್ತು. ಕತ್ತಿನ ರಕ್ತನಾಳ ಕಟ್ಟಿಕೊಂಡಿದೆ. ಹಾಗೇ ಬಿಟ್ಟರೆ ಎರಡನೇ ಹೊಡೆತ ಯಾವತ್ತು ಬೇಕಾದರೂ ಬೀಳಬಹುದು. ಕೊಯ್ದು ಶುಚಿ ಮಾಡುವುದರಲ್ಲೂ ಜೀವಕ್ಕೆ ಅಪಾಯವಿದೆ. ರೋಗಿಗೆ ಮಾತು ಅರ್ಥವಾಗುವುದಾದರೆ ಅವನನ್ನೇ ಕೇಳಬೇಕು, ಇಲ್ಲವಾದರೆ ತಂಗಿಯ ಮಾತೇ ಕೊನೆ. ಮಧ್ಯಾಹ್ನದೊಳಗೆ ವರದಿ ಬೇಕು. ತಂಗಿಯ ಮಾತು ಆಗಲೇ ಚೀಟಿಯಲ್ಲಿತ್ತು: ಬೇಡ.

“ಏನೂ ತಿಳೀದವನ ಕತ್ತು ಕೊಯ್ಸಿ ಏನು ಸಾಧಿಸ್ಲಿ? ನರಳಿದ್ದು ಸಾಕು. ದೇವ್ರು ಬೇಗ ಕರ್ಕೊಂಡ್ರೆ ಸಾಕು ಅಂತ ದಿನಾ ಇವನ ಮಂಚದ ಪಕ್ಕದಲ್ಲೇ ಕೂತು ಬೇಡ್ಕೋತೀನಿ.”

ಅವಳು ಕೆಟ್ಟವಳಲ್ಲ, ದಣಿದವಳು. ಮೂರು ವಾರದಿಂದ ಆಸ್ಪತ್ರೆಯ ಬೆಂಚಿನ ಮೇಲೆ ಮಲಗಿ ಸೊಂಟ ಹಿಡಿದುಹೋಗಿತ್ತು.

ಹತ್ತು ಸೆಕೆಂಡಮ್ಮ ಅವಳನ್ನು ಅಣ್ಣನ ಬೆನ್ನ ಹಿಂದೆ ಕೂರಿಸಿದಳು. ಮನೆಯವರು ಎದುರಿಗಿದ್ದರೆ ಕಣ್ಣಲ್ಲೇ ಉತ್ತರ ಹೇಳಿಕೊಟ್ಟುಬಿಡುತ್ತಾರೆ, ಪಾಪ, ತಮಗೇ ಗೊತ್ತಿಲ್ಲದೆ. ಆಮೇಲೆ ಚಮಚ, ಬೀಗದ ಕೈ, ಲೋಟ, ಪೆನ್ನು, ಕನ್ನಡಕ, ಚೆಂಡು, ಬಾಚಣಿಗೆ ಹೀಗೆ ಹತ್ತು ಸಾಮಾನುಗಳನ್ನು ಮೇಜಿನ ಮೇಲೆ ಹರಡಿ, ಅವನು ತುಟಿ ನೋಡಿ ಊಹಿಸದಿರಲಿ ಎಂದು ತನ್ನ ಬಾಯಿಗೆ ರಟ್ಟು ಅಡ್ಡ ಹಿಡಿದಳು.

“ಯಜಮಾನ್ರೇ, ಚಮಚ ತೋರಿಸಿ.”

ರೇಡಿಯೋ ಆಕೆಯನ್ನು ನೋಡಿದ. ಸಾಮಾನುಗಳನ್ನು ನೋಡಿದ. ಹತ್ತು ಸೆಕೆಂಡು ಮುಗಿಯಿತು, ಸೊನ್ನೆ ಬಿತ್ತು.

ಮುಂದಿನದೂ ಅದೇ ಪಾಡು. ಕನ್ನಡಕ ಎಂದರೆ ಎಡಗೈ ಎತ್ತಿ ಪೆನ್ನು ಮುಟ್ಟಿದ. ಬಾಚಣಿಗೆ ಎಂದರೆ ಚೆಂಡು. ಹುಟ್ಟಿದಾಗಿನಿಂದ ಬಾಚಣಿಗೆ ಹಿಡಿದವನು ಚೆಂಡು ತೋರಿಸಿದ್ದು ನೋಡಿ ಹಿಂದೆ ಕೂತ ತಂಗಿ ಸೆರಗಿನಿಂದ ಮೂಗು ಒರೆಸಿಕೊಂಡಳು. ಹತ್ತನ್ನೂ ಎರಡೆರಡು ಸಲ ಕೇಳಿದಳು: ಇಪ್ಪತ್ತು ಪ್ರಶ್ನೆ, ಇಪ್ಪತ್ತು ಸೊನ್ನೆ. ಆದರೂ ಅವನು ಏನೇನು ಮುಟ್ಟಿದ ಎಂಬುದನ್ನು ಆಕೆ ಪ್ರಶ್ನೆಯ ಬಲಗಡೆ ಬರೆಯುತ್ತಲೇ ಹೋದಳು. ಆಕೆಗೆ ಕೆಲಸ ಕಲಿಸಿದ ಮೇಷ್ಟ್ರು ಹಾಗೆ ಅಭ್ಯಾಸ ಮಾಡಿಸಿದ್ದರು: ತಪ್ಪು ಅಂತ ಬರೆದು ಕೈತೊಳೆದುಕೊಳ್ಳಬೇಡ, ಏನು ತಪ್ಪು ಅಂತ ಬರಿ.

ವರದಿಯ ಹಾಳೆ ಎಳೆದುಕೊಂಡಳು. ‘ರೋಗಿಗೆ ಮಾತು ಅರ್ಥವಾಗುತ್ತದೆಯೇ?’ ಎಂಬುದರ ಮುಂದೆ ‘ಇಲ್ಲ’ ಎಂದು ಬರೆಯಲು ಹೊರಟು ‘ಇ’ ಬರೆದೂ ಆಗಿತ್ತು. ಅಷ್ಟರಲ್ಲಿ ಕಣ್ಣು ಪಕ್ಕದಲ್ಲಿದ್ದ ಪರೀಕ್ಷೆಯ ಹಾಳೆಯ ಮೇಲೆ ಬಿತ್ತು.

ಎಡಗಡೆ ಆಕೆ ಕೇಳಿದ ಸಾಮಾನು: ಚಮಚ, ಬೀಗದ ಕೈ, ಪೆನ್ನು, ಕನ್ನಡಕ. ಬಲಗಡೆ ಅವನು ತೋರಿಸಿದ್ದು: ಮೊದಲ ಸಾಲು ಖಾಲಿ. ಅದರ ಕೆಳಗೆ ಚಮಚ, ಬೀಗದ ಕೈ, ಪೆನ್ನು.

ಬೆರಳಿಟ್ಟು ಕೆಳಗಿನವರೆಗೂ ಓದಿದಳು. ಒಂದೂ ತಪ್ಪಿರಲಿಲ್ಲ. ಎಡಗಡೆಯ ಪಟ್ಟಿಯೇ ಬಲಗಡೆಗೆ ಒಂದು ಸಾಲು ಕೆಳಗೆ ಜಾರಿ ಕೂತಿತ್ತು.

ಈ ಮನುಷ್ಯ ಆಕೆಯ ಪ್ರತಿಯೊಂದು ಪ್ರಶ್ನೆಗೂ ಸರಿಯಾದ ಉತ್ತರ ಕೊಟ್ಟಿದ್ದ, ಆಕೆ ಮುಂದಿನ ಪ್ರಶ್ನೆಗೆ ಓಡಿದ ಮೇಲೆ. ಮುಖ್ಯರಸ್ತೆ ಮುಚ್ಚಿದಾಗ ಗಲ್ಲಿ ಗಲ್ಲಿ ಸುತ್ತಿ ಬರುವ ಬಸ್ಸಿನ ಹಾಗೆ, ಪ್ರತಿ ಪದವೂ ಆ ತಲೆಯೊಳಗೆ ಎಲ್ಲೆಲ್ಲೋ ಸುತ್ತಿ ಕೊನೆಗೆ ಊರು ಮುಟ್ಟುತ್ತಿತ್ತು. ಒಂದು ಪದದ ಹಿಂದೆ ಇನ್ನೊಂದು ಬಂದು ಗುದ್ದಿದರೂ ಯಾವುದೂ ಕಳೆದುಹೋಗಿರಲಿಲ್ಲ, ಸಾಲು ಕೂಡ ತಪ್ಪಿರಲಿಲ್ಲ. ಎಂಥ ತಲೆ! ಎಂಥ ತಾಳ್ಮೆ! ಹದಿನೆಂಟು ವರ್ಷ ಮಾತು ಅಳೆದವಳಿಗೆ ಮಾತು ಇಷ್ಟು ದೊಡ್ಡದು ಎಂದು ಅವತ್ತೇ ಗೊತ್ತಾದದ್ದು. ಗೋಡೆಯ ಬೀರುವಿನ ತುಂಬ ಹಳೆಯ ಫೈಲುಗಳಿದ್ದವು. ಅವುಗಳಲ್ಲಿ ಎಷ್ಟು ಜನ ಹನ್ನೊಂದನೇ ಸೆಕೆಂಡಿಗಾಗಿ ಕಾದು ಕೂತಿದ್ದರೋ ಎನಿಸಿ ಆಕೆಗೆ ಆ ಕಡೆ ತಿರುಗಲು ಧೈರ್ಯ ಬರಲಿಲ್ಲ.

“ಯಜಮಾನ್ರೇ, ಬಾಚಣಿಗೆ ತೋರಿಸಿ,” ಎಂದು ಬಾಯಿ ಮುಚ್ಚಿ ಕೂತಳು. ಸುಮ್ಮನೆ ಕೂರುವುದು ಇಷ್ಟು ಕಷ್ಟವೆಂದು ಆಕೆಗೆ ಗೊತ್ತೇ ಇರಲಿಲ್ಲ. ಹದಿನಾಲ್ಕನೇ ಸೆಕೆಂಡಿಗೆ ಎಡಗೈ ಎದ್ದು ಬಾಚಣಿಗೆಯ ಮೇಲೆ ಇಳಿಯಿತು. ಲೋಟ ಎಂದಳು, ಕಾದಳು; ಲೋಟ. ಉದ್ದನೆಯ ಮಾತಿಗೆ ಅರ್ಧ ನಿಮಿಷ ಹಿಡಿಯಿತು, ಆದರೆ ಪೆನ್ನನ್ನು ಲೋಟದೊಳಗೆ ಹಾಕಿ ಎಂದರೆ ಪೆನ್ನು ಲೋಟದೊಳಗೇ ಹೋಯಿತು.

ತಂಗಿ ಎದ್ದು ನಿಂತುಬಿಟ್ಟಿದ್ದಳು. “ಇದೇನ್ ಮೇಡಂ?”

“ನಿಮ್ಮಣ್ಣಂಗೆ ಎಲ್ಲಾ ಅರ್ಥ ಆಗತ್ತಮ್ಮ. ಕಾಯೋರು ಇರ್ಲಿಲ್ಲ, ಅಷ್ಟೆ.”

‘ಇ’ ಹೊಡೆದುಹಾಕಿ ಆಕೆ ‘ಹೌದು’ ಎಂದು ಬರೆದಳು. ಆಮೇಲೆ ಒಂದು ರಟ್ಟಿನ ಮೇಲೆ ದೊಡ್ಡದಾಗಿ ಸರಿ ಗುರುತು, ತಪ್ಪು ಗುರುತು ಬರೆದು ಅವನ ಮುಂದಿಟ್ಟಳು. ಡಾಕ್ಟರು ಬಂದು ಕೇಳುವ ಮೊದಲು ಅವನಿಗೆ ವಿಷಯ ತಿಳಿಯಲಿ ಎಂದು ಚಿಕ್ಕ ಚಿಕ್ಕ ಮಾತಿನಲ್ಲಿ, ಒಂದೊಂದಕ್ಕೂ ಕಾದು, ರಕ್ತನಾಳದ ಸಂಗತಿ ಹೇಳಿದಳು. ಕೊಯ್ದರೂ ಅಪಾಯ, ಬಿಟ್ಟರೂ ಅಪಾಯ ಎಂದಾಗ ಅವನು ಬಹಳ ಹೊತ್ತಿನ ಮೇಲೆ ಕತ್ತು ಸವರಿಕೊಂಡ.

“ನೀವೇ ಕೇಳಿ,” ಎಂದಳು ತಂಗಿಗೆ.

“ಅಣ್ಣ... ಆಪರೇಷನ್ ಮಾಡಿಸ್ಲಾ?”

ಪಕ್ಕದ ಕೋಣೆಯಲ್ಲಿ ಯಾರೋ ಕುರ್ಚಿ ಎಳೆದರು. ನರ್ಸೊಬ್ಬಳು ಬಾಗಿಲು ತೆಗೆದು, ಇವರ ಮುಖ ನೋಡಿ ಹಾಗೇ ಮುಚ್ಚಿಕೊಂಡು ಹೋದಳು. ಎಡಗೈಯ ತೋರುಬೆರಳು ನಿಧಾನಕ್ಕೆ ಬಂದು ಸರಿ ಗುರುತಿನ ಮೇಲೆ ಕೂತಿತು. ಹತ್ತು ಸೆಕೆಂಡಮ್ಮ ಗುರುತುಗಳು ಅದಲುಬದಲಾಗುವಂತೆ ರಟ್ಟನ್ನು ತಿರುಗಿಸಿಟ್ಟು, “ಆಪರೇಷನ್ ಬೇಡ ಅಂತ ಬಿಟ್ಬಿಡೋಣ್ವಾ?” ಎಂದು ಉಲ್ಟಾ ಮಾಡಿ ಕೇಳಿದಳು. ಬೆರಳು ತಪ್ಪು ಗುರುತಿನ ಮೇಲೆ ಬಂದು, ಅದನ್ನು ಎರಡು ಸಲ ಕುಟ್ಟಿತು. ಅವನಿಗೆ ಬದುಕಬೇಕಿತ್ತು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮೂರು ವಾರ ಮಂಚದ ಪಕ್ಕ ಕೂತು ಆಡಿದ್ದೆಲ್ಲ ತಂಗಿಗೆ ಒಟ್ಟಿಗೇ ನೆನಪಾಯಿತು.

“ಅಯ್ಯೋ ಅಣ್ಣ, ನಾನು ದೇವ್ರಿಗೆ ಬೇಡ್ಕೊಂಡಿದ್ದು ಕೇಳಿಸ್ತಾ? ನನ್ ಮೇಲೆ ಕೋಪನಾ? ನಾನೊಂದು ಮಂಕು, ನೀನು ನರಳೋದು ನೋಡಕ್ಕಾಗ್ದೆ...”

“ಒಂದೊಂದೇ ಕೇಳಮ್ಮ,” ಎಂದಳು ಹತ್ತು ಸೆಕೆಂಡಮ್ಮ.

ತಂಗಿ ಅವನ ಬೆನ್ನ ಹಿಂದಿನಿಂದ ಎದುರಿಗೆ ಬಂದಳು. “ಕೇಳಿಸ್ತಾ?”

ಕಾದರು. ಸರಿ ಗುರುತು.

ಅವಳು ಅವನ ಕಾಲ ಬಳಿ ಕುಸಿದು ಕೂತಳು. “ಕೋಪನಾ ಅಣ್ಣ?”

ಈ ಸಲ ಅರ್ಧ ನಿಮಿಷ ಮೀರಿತು. ಅವನು ರಟ್ಟನ್ನು ಪಕ್ಕಕ್ಕೆ ತಳ್ಳಿದ. ಎಡಗೈ ಚಾಚಿ ತಂಗಿಯ ಕಿವಿ ಹಿಡಿದು, ಚಿಕ್ಕಂದಿನಲ್ಲಿ ಹಿಂಡುತ್ತಿದ್ದಂತೆಯೇ ಬಲವಾಗಿ ಹಿಂಡಿದ. ಅವನ ಮುಖದ ಅರ್ಧ ಭಾಗ ನಗುತ್ತಿತ್ತು.

“ಅಯ್ಯಯ್ಯೋ, ನೋವಾಗತ್ತೆ, ಬಿಡೋ!”

ಆ ಮಾತು ಈಗಷ್ಟೇ ಹೊರಟಿತ್ತು, ಅವನನ್ನು ಮುಟ್ಟಲು ಇನ್ನೂ ಹೊತ್ತಿತ್ತು. ಅಳುತ್ತ, ನಗುತ್ತ, ಕಿವಿಯನ್ನು ಅವನ ಕೈಯಲ್ಲೇ ಬಿಟ್ಟು ಅವಳು ಕಾದಳು.