ಬಿಸಿಯೇರದ ಎಂಜಿನ್ನು

ಡೀಸೆಲ್ ಕದಿಯುತ್ತೀಯ ಎಂದು ಭಾವ ನೇರವಾಗಿ ಹೇಳಲಿಲ್ಲ. ಹೇಳಿದ್ದರೆ ಒಂದು ಕೈ ನೋಡಿಬಿಡಬಹುದಿತ್ತು. ಅವರು ಹೇಳಿದ್ದು ತಟ್ಟೆಯ ಮುಂದೆ ಕೂತು, ಅಕ್ಕನ ಮುಖ ನೋಡುತ್ತ.

"ಲೀಟರಿಗೆ ಹದಿನೆಂಟು ಓಡ್ತಿದ್ದ ಗಾಡಿ ಕಣೇ. ಈಗ ಹದಿನೈದು ಕೂಡ ದಾಟಲ್ಲ. ಟ್ಯಾಂಕಿಗೆ ಇರೋದು ಒಂದೇ ಬಾಯಿ ಅಂದ್ಕೊಂಡಿದ್ದೆ. ಎರಡನೇದು ಯಾವಾಗ ಹುಟ್ಟಿಕೊಳ್ತೋ."

ಆ ಗಾಡಿ ಓಡಿಸುವವನು ಅಲ್ಲೇ, ಅದೇ ಮೇಜಿನ ತುದಿಯಲ್ಲಿ ಕೂತಿದ್ದ. ಅಕ್ಕನ ತಮ್ಮ. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡವನೆಂದು ಬೀದಿಯವರೆಲ್ಲ ಅವನನ್ನು ಕಿಡಿ ಎನ್ನುತ್ತಿದ್ದರು. ಒಂಬತ್ತನೇ ಕ್ಲಾಸಿಗೆ ಪುಸ್ತಕ ಬಿಸಾಡಿ ಬಂದವನು. ಐದು ವರ್ಷದಿಂದ ಭಾವನ ಬಾಡಿಗೆ ಕಾರು ಓಡಿಸಿಕೊಂಡು, ಅವರ ಮನೆಯ ಹಿಂದಿನ ಕೋಣೆಯಲ್ಲೇ ಮಲಗುತ್ತಿದ್ದ.

"ಗ್ಯಾರೇಜಲ್ಲಿ ತೋರಿಸಿ ಭಾವ," ಎಂದ.

"ತೋರಿಸೋಣ. ಯಾಕೆ ತೋರಿಸಬಾರದು?"

ಬೀದಿಯ ಕೊನೆಯಲ್ಲಿ ಮೇಸ್ತ್ರಿಯ ಶೆಡ್ಡು. ಮೂವತ್ತು ವರ್ಷ ಪಳಗಿದ ಮೆಕ್ಯಾನಿಕ್ಕು. ಬಾನೆಟ್ಟಿನ ಮೇಲೆ ಕೈಯಿಟ್ಟೇ ರೋಗ ಹೇಳುತ್ತೇನೆಂಬ ಕೊಂಬು ಆತನಿಗೆ. ಅವತ್ತೂ ಕೈಯಿಟ್ಟ. ಕಣ್ಣು ಮುಚ್ಚಿದ. ಆಮೇಲೆ ಭಾವನ ಕಡೆ ತಿರುಗಿದ.

"ಎಂಜಿನ್ನು ತಣ್ಣಗೆ, ಹಸುಗೂಸಿನ ಹಾಗೆ ಮಲಗಿದೆ. ಹೋದ ಬೇಸಿಗೆಯಲ್ಲಿ ನಾನು ಕೈಹಾಕಿದ ಮೇಲೆ ಒಂದು ಸಲಾನೂ ಕುದ್ದಿಲ್ಲ. ಗಾಡಿ ಕುಡೀತಿಲ್ಲ ಸಾಹೇಬ್ರೇ. ಬೇರೆ ಯಾರೋ ಕುಡೀತಿದಾರೆ."

ಶೆಡ್ಡಿನಲ್ಲಿದ್ದವರೆಲ್ಲ ನಕ್ಕರು. ಭಾವನೂ ನಕ್ಕರು. ಕಿಡಿಯ ಮೈಯೆಲ್ಲ ಉರಿದುಹೋಯಿತು. ಸ್ಪ್ಯಾನರ್ ಕೈಗೆ ಸಿಗುವಷ್ಟು ಹತ್ತಿರದಲ್ಲೇ ಇತ್ತು. ಅವನು ಕೈಯನ್ನು ಜೇಬಿಗೆ ತುರುಕಿಕೊಂಡು ಹೊರಗೆ ಬಂದ.

ಮಾರನೆಯ ದಿನ ಟ್ರಿಪ್ಪು ಮುಗಿಸಿ ಕೋಣೆಗೆ ಬಂದರೆ ಮಂಚ ಒಂದು ಗೇಣು ಪಕ್ಕಕ್ಕೆ ಸರಿದಿತ್ತು. ಕೆಳಗೆ ಗುಡಿಸಿರಲಿಲ್ಲ, ಧೂಳಿನಲ್ಲಿ ಮೊಣಕಾಲಿನ ಗುರುತುಗಳು, ಅಕ್ಕನದೊಂದು ಹೇರ್‌ಪಿನ್ನು ಮಾತ್ರ ಇದ್ದವು. ಕದ್ದ ಡೀಸೆಲಿನ ಕ್ಯಾನು ಇದೆಯೇನೋ ಎಂದು ಅಕ್ಕ ಹುಡುಕಿದ್ದಳು. ಭಾವನ ಮಾತು ಕಿವಿಗೆ ಬಿದ್ದಿತ್ತು ಅಷ್ಟೆ, ಇದು ಎದೆಗೆ ಒದ್ದಂತಾಯಿತು. ಜೀವ ಹೋದರೂ ಸರಿ, ಇಬ್ಬರ ಬಾಯಲ್ಲೂ ತಾನು ಕಳ್ಳನಲ್ಲ ಅನ್ನಿಸಿಯೇ ತೀರುವುದೆಂದು ಅವನು ಆ ಗಳಿಗೆಯಲ್ಲೇ ಹಟ ಹಿಡಿದ.

ಸುಳಿವು ಸಿಕ್ಕಿದ್ದು ಒಬ್ಬ ಮುದುಕಿಯಿಂದ. ಬೆಳಗಿನ ಚಳಿಯಲ್ಲಿ ಸ್ಟೇಷನ್ನಿಗೆ ಬಿಡಬೇಕಿತ್ತು. ಮುಕ್ಕಾಲು ಗಂಟೆಯ ದಾರಿ. ಹೊರಟ ಕೂಡಲೇ ಹೀಟರ್ ಹಾಕಪ್ಪ ಎಂದಳು, ಹಾಕಿದ. ಅರ್ಧ ದಾರಿಯಲ್ಲಿ ಹಿಂದಿನಿಂದ ಕೇಳಿದಳು:

"ಇದು ಹೀಟರೋ, ನನ್ನನ್ನ ಬೇಗ ಕಳಿಸೋ ಯಂತ್ರಾನೋ?"

ಕಿಡಿ ಗಾಳಿಗೆ ಅಂಗೈ ಹಿಡಿದ. ತಣ್ಣಗಿತ್ತು. ಹೀಟರಿನ ಬಿಸಿ ಎಂಜಿನ್ನಿನಿಂದಲೇ ಬರಬೇಕು. ಎಂಜಿನ್ನಿನ ಉಷ್ಣ ತೋರಿಸುವ ಮುಳ್ಳು ನೋಡಿದ. ಅರ್ಧಕ್ಕೆ ಬಂದು ನಿಲ್ಲಬೇಕಾದದ್ದು ಕಾಲುಭಾಗವನ್ನೂ ಮುಟ್ಟದೆ ಬಿದ್ದುಕೊಂಡಿತ್ತು. ಮುಳ್ಳು ಮೇಲೇರಿದರೆ ಎಲ್ಲರಿಗೂ ಗಾಬರಿ. ಕೆಳಗೇ ಇದ್ದರೆ ಒಳ್ಳೆಯದೇ ಎಂದು ಅವನೂ ಇಷ್ಟು ದಿನ ಅಂದುಕೊಂಡಿದ್ದ. ಈಗ ಮೇಸ್ತ್ರಿಯ 'ಹಸುಗೂಸು' ನೆನಪಾಯಿತು. ಇಪ್ಪತ್ತು ಕಿಲೋಮೀಟರು ಓಡಿದ ಡೀಸೆಲ್ ಎಂಜಿನ್ನು ಹಸುಗೂಸಿನಂತೆ ಯಾಕೆ ಮಲಗಬೇಕು?

ಮರುದಿನ ಬೆಳಿಗ್ಗೆ ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡಿ, ರೇಡಿಯೇಟರಿಗೆ ಹೋಗುವ ಮೇಲಿನ ಹೋಸನ್ನು ಮುಷ್ಟಿಯಲ್ಲಿ ಹಿಡಿದು ನಿಂತ. ಎಂಜಿನ್ನು ಕಾಯುವತನಕ ಅಲ್ಲಿಗೆ ನೀರು ಬರಬಾರದು. ಬಾಗಿಲು ಕಾಯುವವನ ಹಾಗೆ ಥರ್ಮೋಸ್ಟಾಟ್ ವಾಲ್ವು ಅದನ್ನು ತಡೆದು ನಿಲ್ಲಿಸಬೇಕು. ಇಲ್ಲಿ ಮೊದಲ ನಿಮಿಷದಿಂದಲೇ ಹೋಸಿನೊಳಗೆ ನೀರು ಸರಸರ ಹರಿಯುತ್ತಿತ್ತು. ಬಾಗಿಲು ಕಾಯುವವನು ನಿದ್ದೆ ಹೊಡೆಯುತ್ತಿದ್ದಾನೆ, ಇಲ್ಲವೇ ಅಲ್ಲಿ ಯಾರೂ ಇಲ್ಲ. ಹೋದ ಬೇಸಿಗೆಯಲ್ಲಿ ಈ ಎಂಜಿನ್ನಿಗೆ ಕೈಹಾಕಿದ್ದವನು ಮೇಸ್ತ್ರಿಯೊಬ್ಬನೇ. ನೀರು ಸದಾ ತಣ್ಣಗೆ, ಎಂಜಿನ್ನು ಸದಾ ಚಳಿಯಲ್ಲಿ. ಈಗ ತಾನೇ ಎದ್ದಿದ್ದೇನೆ ಎಂದುಕೊಂಡು ಅದು ಇಡೀ ದಿನ ಹೆಚ್ಚು ಡೀಸೆಲ್ ಕೇಳುತ್ತಿತ್ತು.

ಹೊಸ ವಾಲ್ವು ತಂದು ಸದ್ದಿಲ್ಲದೆ ಹಾಕಿಬಿಡಬಹುದಿತ್ತು. ವಾಲ್ವು ತಂದೂ ಆಯಿತು. ಬೋಲ್ಟಿಗೆ ಸ್ಪ್ಯಾನರ್ ಕೊಟ್ಟವನು ತಟ್ಟನೆ ಕೈ ಹಿಂದೆಗೆದ. ಹಾಕಿದರೆ ಏನಾಗುತ್ತದೆ? ಗಾಡಿ ಮತ್ತೆ ಹದಿನೆಂಟು ಓಡುತ್ತದೆ. ಆಗ ಭಾವ ಏನನ್ನುತ್ತಾರೆ? ನೋಡಿದೆಯೇನೇ, ಒಂದು ಮಾತು ಅಂದಿದ್ದಕ್ಕೆ ನಿನ್ನ ತಮ್ಮ ಹೇಗೆ ದಾರಿಗೆ ಬಂದ. ಗಾಡಿ ಸರಿಹೋದಷ್ಟೂ ಅವನು ಕಳ್ಳನಾಗುತ್ತಿದ್ದ.

ಭಾನುವಾರ ಬೆಳಿಗ್ಗೆ ಅಕ್ಕ ಭಾವ ಇಬ್ಬರನ್ನೂ ಹೊರಗೆ ಕರೆದ. "ಮೇಸ್ತ್ರಿ ಹತ್ರ ಹೋಗೋಣ. ಸ್ಟಾರ್ಟ್ ಮಾಡಲ್ಲ, ತಳ್ಳಬೇಕು. ಬಿಸಿ ಮಾಡಿ ಬಿಚ್ಚಿದರೆ ನೀರು ಮುಖಕ್ಕೆ ಹಾರುತ್ತೆ."

"ನಾನ್ಯಾಕೋ ತಳ್ಳಲಿ?"

"ಕಳ್ಳನ್ನ ಹಿಡೀಬೇಕಲ್ಲ ಭಾವ. ಸ್ವಲ್ಪ ಬೆವರು ಸುರಿಸಿ."

ಇಸ್ತ್ರಿ ಅಂಗಿಯ ಭಾವ ಹಿಂದಿನಿಂದ ತಳ್ಳಿದರು. ಅಕ್ಕ ಜೊತೆಗೆ ನಡೆದಳು. ಶೆಡ್ಡು ತಲುಪಿದಾಗ ಭಾವನ ಬೆನ್ನು ಒದ್ದೆಯಾಗಿತ್ತು.

ಕಿಡಿ ಸ್ಪ್ಯಾನರನ್ನು ಭಾವನ ಕೈಗೇ ಕೊಟ್ಟ. "ನಾನು ಮುಟ್ಟಲ್ಲ. ಹೋಸಿನ ಬುಡದಲ್ಲಿರೋ ಆ ಮೂರು ಬೋಲ್ಟ್ ನೀವೇ ಬಿಚ್ಚಿ."

"ಏಯ್, ನನ್ನ ಶೆಡ್ಡಲ್ಲಿ ನಿನ್ನದೇನೋ ದರ್ಬಾರು?" ಎಂದ ಮೇಸ್ತ್ರಿ.

ಭಾವ ಬಿಚ್ಚಿದರು. ಮುಚ್ಚಳ ಎದ್ದಿತು, ನೀರು ಸುರಿಯಿತು. ವಾಲ್ವು ಕೂರಬೇಕಾದ ಗುಂಡಿ ಖಾಲಿ. ಕಿಡಿ ಜೇಬಿನಿಂದ ಹೊಸದನ್ನು ತೆಗೆದು ಅಕ್ಕನಿಗೆ ತೋರಿಸಿದ. "ಇದು ಅಲ್ಲಿರಬೇಕಿತ್ತು. ಇಲ್ಲದೆ ಎಂಜಿನ್ನು ಕಾಯಲ್ಲ. ಕಾಯದಿದ್ರೆ ಡೀಸೆಲ್ ನುಂಗುತ್ತೆ."

ಭಾವ ಕಣ್ಣು ಕಿರಿದು ಮಾಡಿದರು. "ಯಾರು ತೆಗೆದರು?"

"ಇನ್ಯಾರು, ಇವನೇ ತೆಗೆದು ಎಲ್ಲೋ ಮಾರ್ಕೊಂಡಿರ್ತಾನೆ," ಎಂದ ಮೇಸ್ತ್ರಿ. ಕಣ್ಣು ಮಾತ್ರ ಗೋಡೆಯ ಮೇಲಿತ್ತು.

ಈ ಮಾತು ಬರುತ್ತದೆಂದು ಕಿಡಿಗೆ ಗೊತ್ತಿತ್ತು. ಎರಡು ದಿನದಿಂದ ಅದಕ್ಕೇ ಉತ್ತರ ಮಸೆಯುತ್ತಿದ್ದ.

"ನಾನಲ್ಲ ಮೇಸ್ತ್ರಿ. ಸೇತುವೆ ಹತ್ರದ ಗ್ಯಾರೇಜಿನ ಕನ್ನಡಕದವನು ಸಿಕ್ಕಿದ್ದ. ಹೋದ ಬೇಸಿಗೆಯಲ್ಲಿ ಈ ಗಾಡಿ ಕುದಿಯೋದು ನಿಂತಿದ್ದು ಅವನ ಉಪಾಯದಿಂದ್ಲೇ ಅಂತೆ. ನಿಮಗೆ ತಲೆ ಓಡಲಿಲ್ಲ, ಅವನನ್ನ ಹೋಗಿ ಕೇಳಿದ್ರಂತೆ. ಊರೆಲ್ಲ ಹೇಳ್ಕೊಂಡು ತಿರುಗ್ತಿದಾನೆ."

ಹಸಿಹಸಿ ಸುಳ್ಳು. ಮೇಸ್ತ್ರಿಯ ಕುತ್ತಿಗೆ ಕೆಂಪಾಯಿತು.

"ಅವನಾ? ಅವನಿಗೆ ವಾಲ್ವು ಎಲ್ಲಿ ಕೂರುತ್ತೆ ಅಂತಾನೂ ಗೊತ್ತಿಲ್ಲ. ಕಿತ್ತಿದ್ದು ನಾನು. ಇದೇ ಕೈಯಲ್ಲಿ. ನನಗೆ ಅವನು ಹೇಳ್ಕೊಡ್ತಾನಾ? ಈ ಬಿಸಿಲಿಗೆ ಆ ದರಿದ್ರ ವಾಲ್ವು ಯಾಕೆ ಬೇಕು? ಎಷ್ಟು ಗಾಡಿಗೆ ಕಿತ್ತು ಬಿಸಾಕಿದೀನಿ ಗೊತ್ತಾ? ಒಂದಾದ್ರೂ ಕುದೀತಾ?"

ಶೆಡ್ಡಿನಲ್ಲಿ ಈ ಸಲ ಯಾರೂ ನಗಲಿಲ್ಲ. ಮೇಸ್ತ್ರಿ ತನ್ನ ಮಾತು ತನಗೇ ಕೇಳಿಸಿದ ಮೇಲೆ ಎಣ್ಣೆಬಟ್ಟೆ ಹುಡುಕತೊಡಗಿದ.

"ಸರಿ ಸರಿ, ಹೊಸದು ಹಾಕು," ಎಂದು ಭಾವ ಸ್ಪ್ಯಾನರ್ ಕೆಳಗಿಟ್ಟರು, ನಡುವೆ ಏನೂ ಆಗಿಯೇ ಇಲ್ಲವೆಂಬ ಧಾಟಿಯಲ್ಲಿ.

ಕಿಡಿ ಹಾಕಿದ. ನೀರು ತುಂಬಿ ಸ್ಟಾರ್ಟ್ ಮಾಡಿದ. ಭಾವನ ಕೈ ಹಿಡಿದೆಳೆದು ಮೇಲಿನ ಹೋಸಿನ ಮೇಲೆ ಇಡಿಸಿದ. ಎಷ್ಟೋ ಹೊತ್ತು ಹೋಸು ತಣ್ಣಗೇ ಇತ್ತು. ಇದ್ದಕ್ಕಿದ್ದಂತೆ ಭಾವ ಚುರುಕ್ಕೆಂದು ಕೈ ಕಿತ್ತುಕೊಂಡರು. ಒಳಗೆ ಮುಳ್ಳು ಅರ್ಧಕ್ಕೆ ಬಂದು ನಿಂತಿತ್ತು.

"ಆಯ್ತಲ್ಲ, ಆಫ್ ಮಾಡು. ಸುಮ್ಮನೆ ಡೀಸೆಲ್ ಉರೀತಿದೆ."

ಕಿಡಿ ಒಳಗೆ ಕೂತು ನಾಲ್ಕೂ ಬಾಗಿಲು ಲಾಕ್ ಮಾಡಿಕೊಂಡ. ಗಾಜು ನಾಲ್ಕು ಬೆರಳು ಇಳಿಸಿದ. "ಹೇಳಿ ಭಾವ."

"ಏನು ಹೇಳೋದು? ಎಂಜಿನ್ನಿನ ತಪ್ಪು ಅಂತ ಗೊತ್ತಾಯ್ತಲ್ಲ."

"ಎಂಜಿನ್ನಿನ ಮಾತು ಬೇಡ. ನನ್ನ ಮಾತು. ಅಕ್ಕನಿಗೆ ಹೇಳಿ." ಆಕ್ಸಿಲರೇಟರ್ ಒತ್ತಿದ. ಗಾಡಿ ನಿಂತಲ್ಲೇ ಅಬ್ಬರಿಸಿತು. ಒಂದೊಂದು ಹನಿ ಡೀಸೆಲಿಗೂ ಭಾವನ ಮುಖ ಹಿಂಡಿಕೊಳ್ಳುತ್ತಿತ್ತು. ಒಂದು ನಿಮಿಷ ಹೋಯಿತು, ಎರಡಾಯಿತು.

"ಟ್ಯಾಂಕು ತುಂಬ ಇದೆ ಭಾವ. ನಿನ್ನೆ ತಾನೇ ಹಾಕ್ಸಿದ್ದು. ಸಂಜೆವರೆಗೂ ಕೂರ್ತೀನಿ."

ಭಾವ ಚಪ್ಪಲಿ ನೋಡಿಕೊಂಡು ಗೊಣಗಿದರು. "ಅವನು ತೆಗೆದಿಲ್ಲ ಕಣೇ."

"ಏನನ್ನ? ಜೋರಾಗಿ. ಮೇಸ್ತ್ರಿಗೂ ಕೇಳಿಸಬೇಕು."

"ಡೀಸೆಲ್ ಕದ್ದಿಲ್ಲ ಅವನು. ಸಾಕಾ?"

ಕಿಡಿ ಅಕ್ಕನ ಕಡೆ ನೋಡಿದ. ಕಾಲು ಇನ್ನೂ ಆಕ್ಸಿಲರೇಟರಿನ ಮೇಲೇ ಇತ್ತು. ಅಕ್ಕ ಗಾಜಿನ ಹತ್ತಿರ ಬಂದಳು. ಅವಳ ಕಣ್ಣು ಕೆಂಪಾಗಿತ್ತು, ಅಳುವಿಗೋ ಹೊಗೆಗೋ.

"ನೀನು ಕದ್ದಿಲ್ಲ. ನಾನು ಹುಡುಕಬಾರದಿತ್ತು."

ಅವನು ಎಂಜಿನ್ ನಿಲ್ಲಿಸಿದ. ಕೋಪ ಎಲ್ಲೂ ಹೋಗಿರಲಿಲ್ಲ. ಇಳಿದು ಮುಂದೆ ಬಂದು, ರೇಡಿಯೇಟರಿಗೆ ಮೆತ್ತಿಕೊಂಡಿದ್ದ ಧೂಳನ್ನು ಉಗುರಿನಿಂದ ಕೆರೆದು ಭಾವನಿಗೆ ತೋರಿಸಿದ.

"ಹೋದ ಬೇಸಿಗೆಯಲ್ಲಿ ಕುದ್ದಿದ್ದು ಇದಕ್ಕೆ. ಗಾಳಿ ಆಡೋಕೆ ಜಾಗ ಇಲ್ಲ. ತೊಳೀದಿದ್ರೆ ಮತ್ತೆ ಕುದಿಯುತ್ತೆ. ಹೋಗಿ, ಆ ನೀರಿನ ಪೈಪು ತಗೊಂಡು ಬನ್ನಿ."

ಭಾವ ಮೇಸ್ತ್ರಿಯ ಮುಖ ನೋಡಿದರು, ಮೇಸ್ತ್ರಿ ನೆಲ ನೋಡಿದ. ಆಮೇಲೆ ಭಾವ ಅಂಗಿಯ ತೋಳು ಮಡಿಸಿಕೊಂಡು ಪೈಪು ತರಲು ನಲ್ಲಿಯ ಕಡೆ ಹೊರಟರು.